ಶನಿವಾರದಿಂದ ಶನಿವಾರಕ್ಕೆ: ಕ್ವಾಯರ್ ಹಾಡನ್ನು ಮನೆಯಲ್ಲಿ ಕಲಿಯುವ ಬಗೆ

ಅಕ್ಟೋಬರ್ ಬಂತೆಂದರೆ ನಮ್ಮ ಚರ್ಚಿನ ಕ್ವಾಯರಿನಲ್ಲಿ, ಅಂದರೆ ಹಾಡುವ ಗುಂಪಿನಲ್ಲಿ, ಕ್ರಿಸ್‌ಮಸ್ ಹಾಡುಗಳ ಪ್ರಾಕ್ಟೀಸ್ ಶುರು. ಶನಿವಾರ ಸಂಜೆ ಆರರಿಂದ ಎಂಟು. ವಾರಕ್ಕೆ ಎರಡೇ ಗಂಟೆ. ಅದರಲ್ಲಿ ಹತ್ತು ನಿಮಿಷ ಪ್ರಾರ್ಥನೆ, ಹತ್ತು ನಿಮಿಷ ಚಹಾ, ಹದಿನೈದು ನಿಮಿಷ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಕಾಯುವುದು. ಉಳಿದದ್ದನ್ನು ನಾಲ್ಕು ದನಿಗಳಿಗೆ ಹಂಚಿದರೆ ಆಲ್ಟೊಗಳ (ಹೆಂಗಸರಲ್ಲಿ ಕೆಳಗಿನ ದನಿ ಹಾಡುವವರ) ಪಾಲಿಗೆ ಬರುವುದು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಹೊಸ ಹಾಡು ಯಾರಿಗೂ ಬರುವುದಿಲ್ಲ. ಕಲಿಯಬೇಕಾದ್ದು ಮನೆಯಲ್ಲಿ. ಶನಿವಾರ ಹೋಗುವುದು ಬೇರೆಯವರ ದನಿಗೆ ನಮ್ಮ ದನಿ ಕೂಡಿಸಲಿಕ್ಕೆ.

ನಾನು ಆಲ್ಟೊ ಹಾಡಲು ಶುರು ಮಾಡಿ ಹದಿನೇಳು ವರ್ಷವಾಯಿತು. ಮೊದಲ ಐದಾರು ವರ್ಷ, ಯೂಟ್ಯೂಬ್ ಹಾಕಿಕೊಂಡು ಪಾತ್ರೆ ತೊಳೆಯುತ್ತಾ ಜೊತೆಗೆ ಹಾಡುವುದೇ ಪ್ರಾಕ್ಟೀಸ್ ಅಂದುಕೊಂಡಿದ್ದೆ. ಹಾಡು ಚೆನ್ನಾಗಿಯೇ ಬರುತ್ತಿತ್ತು, ಆದರೆ ಬರುತ್ತಿದ್ದದ್ದು ಸೊಪ್ರಾನೊ. ಶನಿವಾರ ಹೋಗಿ ನಿಂತರೆ ನನ್ನ ಬಾಯಿಂದ ಮೇಲಿನ ಧಾಟಿಯೇ ಹೊರಡುತ್ತಿತ್ತು. ಪಕ್ಕದಲ್ಲಿದ್ದ ಆಂಟಿ ಮೊಣಕೈಯಲ್ಲಿ ತಿವಿಯುತ್ತಿದ್ದರು.

ಹೊಸಬರಿಗೆ ಒಂದು ಮಾತು. ಕ್ವಾಯರಿನಲ್ಲಿ ಸಾಮಾನ್ಯವಾಗಿ ನಾಲ್ಕು ಪಾರ್ಟ್. ಸೊಪ್ರಾನೊ ಹೆಂಗಸರ ಮೇಲಿನ ದನಿ, ಆಲ್ಟೊ ಕೆಳಗಿನದು. ಗಂಡಸರಲ್ಲಿ ಟೆನರ್ ಮೇಲೆ, ಬೇಸ್ ಕೆಳಗೆ. ಜನರಿಗೆ ಗೊತ್ತಿರುವ ಧಾಟಿ ಹೆಚ್ಚಾಗಿ ಸೊಪ್ರಾನೊದವರ ಬಳಿ ಇರುತ್ತದೆ. ಹಾಗಾಗಿ ಮನೆಯ ಕೆಲಸ ಉಳಿದ ಮೂರು ಪಾರ್ಟ್‌ನವರಿಗೆ ಜಾಸ್ತಿ. ಸೊಪ್ರಾನೊದವರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಶನಿವಾರ ರಾತ್ರಿ: ಮಲಗುವ ಮುಂಚೆ ಹತ್ತು ನಿಮಿಷ

ಪ್ರಾಕ್ಟೀಸ್ ಮುಗಿಸಿ ಬಂದ ರಾತ್ರಿಯೇ ಫೈಲ್ ತೆಗೆಯಿರಿ. ಹಾಡುವುದು ಬೇಡ. ಮಾಸ್ಟರ್ ಹೇಳಿದ್ದು ತಲೆಯಲ್ಲಿ ಇನ್ನೂ ಬಿಸಿಯಾಗಿರುತ್ತದೆ, ಅದನ್ನು ಪೆನ್ಸಿಲಿನಲ್ಲಿ ಕಾಪಿಯ, ಅಂದರೆ ಹಾಡಿನ ಸ್ವರ, ಪದ ಇರುವ ಹಾಳೆಯ ಮೇಲೆ ಇಳಿಸಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ತೆಗೆದುಕೊಳ್ಳಬಾರದು, ಯಾವ ಸಾಲು ಮೆಲ್ಲಗೆ, ಕೊನೆಯ ಅಕ್ಷರವನ್ನು ಎಷ್ಟನೇ ಎಣಿಕೆಗೆ ನಿಲ್ಲಿಸಬೇಕು, ಎಲ್ಲವನ್ನೂ. ಪೆನ್ನು ಬೇಡ. ಮುಂದಿನ ವಾರ ಮಾಸ್ಟರ್ ಮನಸ್ಸು ಬದಲಾಯಿಸುತ್ತಾರೆ.

ಆಮೇಲೆ ನೀವು ದಾರಿ ತಪ್ಪಿದ ಜಾಗಗಳಿಗೆ ಸುತ್ತು ಹಾಕಿ. ನನಗೆ ಪ್ರತಿ ಹಾಡಿನಲ್ಲೂ ಅಂಥ ಜಾಗ ಮೂರೋ ನಾಲ್ಕೋ ಇರುತ್ತವೆ, ಅದಕ್ಕಿಂತ ಜಾಸ್ತಿ ಸಿಕ್ಕಿದ್ದು ಕಡಿಮೆ. ಆರು ಪುಟದ ಹಾಡು ಕಷ್ಟ ಅಂತ ಕೂತರೆ ವಾರವೆಲ್ಲ ಬೆಟ್ಟ ಹೊತ್ತಂತೆ ಇರುತ್ತದೆ. ಬಿಡಿಸಿ ನೋಡಿದರೆ ಕಷ್ಟವಿರುವುದು ಎಂಟು ಬಾರ್‌ಗಳಲ್ಲಿ (ಬಾರ್ ಅಂದರೆ ಕಾಪಿಯಲ್ಲಿ ಎರಡು ನಿಲುಗೆರೆಗಳ ನಡುವಿನ ತುಂಡು). ಉಳಿದದ್ದು ಈಗಾಗಲೇ ಬರುತ್ತಿರುತ್ತದೆ. ನಾನು ಈ ಜಾಗಗಳನ್ನು ಗುಂಡಿ ಅನ್ನುತ್ತೇನೆ. ನಮ್ಮ ರಸ್ತೆಯ ಗುಂಡಿಗಳ ಹಾಗೆ ಇವೂ ತಾವಾಗಿ ಮುಚ್ಚಿಕೊಳ್ಳುವುದಿಲ್ಲ.

ಮಾಸ್ಟರ್ ಒಪ್ಪಿದರೆ ಪ್ರಾಕ್ಟೀಸನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಫೋನನ್ನು ನಿಮ್ಮ ಪಾರ್ಟ್‌ನಲ್ಲಿ ಚೆನ್ನಾಗಿ ಹಾಡುವವರ ಹತ್ತಿರ ಇಡಿ. ಕೀಬೋರ್ಡಿನ ಮೇಲಿಟ್ಟರೆ ಬರೀ ಕೀಲಿಗಳ ಟಕಟಕ ಕೇಳುತ್ತದೆ.

ಭಾನುವಾರ: ಸಾಮಾನು ಹೊಂದಿಸಿಕೊಳ್ಳುವುದು

ದೊಡ್ಡ ಖರ್ಚೇನಿಲ್ಲ. ಕಾಗದದ ಕಾಪಿ, ಪೆನ್ಸಿಲ್, ರಬ್ಬರ್, ಮತ್ತು ಸ್ವರ ಕೊಡುವ ಏನಾದರೂ ಒಂದು. ಮನೆಯಲ್ಲಿ ಕೀಬೋರ್ಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನಿನಲ್ಲಿ ಪಿಯಾನೊ ಆ್ಯಪ್ ಸಾಕು. ನೀವು ಎರಡು ಕೈಯಲ್ಲಿ ನುಡಿಸಬೇಕಾಗಿಲ್ಲ. ಒಂದು ಬೆರಳಿನಲ್ಲಿ ನಿಮ್ಮ ಸಾಲು ಒತ್ತಲು ಬಂದರೆ ಕೆಲಸ ಆಯಿತು.

ಹಾಡು ಹಳೆಯದಾಗಿದ್ದು ಹಕ್ಕುಸ್ವಾಮ್ಯ ಮುಗಿದಿದ್ದರೆ ಅದರ ನೋಟ್ಸ್ ಸಿಪಿಡಿಎಲ್ ಎಂಬ ತಾಣದಲ್ಲಿ ಪುಕ್ಕಟೆ ಸಿಗುವ ಸಾಧ್ಯತೆ ಹೆಚ್ಚು. ಮ್ಯೂಸ್‌ಸ್ಕೋರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ನಾಲ್ಕು ಪಾರ್ಟ್‌ನ ಫೈಲ್ ತೆರೆದರೆ ಒಂದೊಂದೇ ದನಿಯನ್ನು ಜೋರು ಮಾಡಬಹುದು, ಸುಮ್ಮನಿರಿಸಬಹುದು, ವೇಗ ಇಳಿಸಬಹುದು. ಹಾರ್ಮನಿ, ಅಂದರೆ ಬೇರೆ ಬೇರೆ ಸ್ವರ ಒಟ್ಟಿಗೆ ಕೂಡುವಂತೆ ಹಾಡುವುದನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮನೆಪಾಠದ ಮೇಷ್ಟ್ರು ನನಗಂತೂ ಸಿಕ್ಕಿಲ್ಲ.

ಯೂಟ್ಯೂಬಿನಲ್ಲಿ ಒಂದೊಂದು ಪಾರ್ಟ್‌ಗೂ ಕಲಿಕೆಯ ವಿಡಿಯೊಗಳಿವೆ. ಉಪಯೋಗಿಸಿ. ಆದರೆ ಮೊದಲ ಸಲ ಕೇಳುವಾಗ ನಿಮ್ಮ ಕಾಪಿಯ ಮೇಲೆ ಬೆರಳಿಟ್ಟು ನೋಟಿಗೆ ನೋಟು ಹೋಲಿಸಿ ನೋಡಿ. ಒಂದೇ ಕ್ಯಾರಲ್‌ಗೆ (ಕ್ರಿಸ್‌ಮಸ್ ಹಾಡಿಗೆ) ಹತ್ತು ಜನ ಹತ್ತು ಥರ ಹಾರ್ಮನಿ ಕೂರಿಸಿರುತ್ತಾರೆ. ಒಂದು ವರ್ಷ ನಾನು ವಾರಪೂರ್ತಿ ಬೇರೆ ಯಾರದೋ ಆಲ್ಟೊ ಕಲಿತು ಹೋಗಿದ್ದೆ. ಕಲಿತದ್ದನ್ನು ಅಳಿಸಲು ಮೂರು ವಾರ ಹಿಡಿಯಿತು. ತಪ್ಪು ಒಮ್ಮೆ ಗಂಟಲಿಗೆ ಹತ್ತಿದರೆ ಇಳಿಯುವುದೇ ಇಲ್ಲ.

ಕಾಪಿಯನ್ನು ಫೋನಿನಲ್ಲಿ ನೋಡಿ ಹಾಡುವ ಅಭ್ಯಾಸ ಬೇಡ. ಪುಟ ಚಿಕ್ಕದು, ಗುರುತು ಹಾಕಲಾಗುವುದಿಲ್ಲ. ಹಾಡಿನ ನಡುವೆ ಅಪಾರ್ಟ್‌ಮೆಂಟ್ ಗ್ರೂಪಿನ ನೀರಿನ ಟ್ಯಾಂಕರ್ ಜಗಳ ಇಣುಕುತ್ತದೆ.

ದಿನಾ ಮೊದಲು: ಗಂಟಲು ಎಬ್ಬಿಸುವುದು

ಐದು ನಿಮಿಷ ಸಾಕು, ಬಿಡಬೇಡಿ. ಬೆಳಿಗ್ಗೆ ಎದ್ದ ತಕ್ಷಣ ಮೇಲಿನ ಸ್ವರಕ್ಕೆ ಹಾರುವುದು ನೆಟ್ಟಗಲ್ಲ.

ಮೊದಲು ಉಸಿರು. ನೇರ ನಿಂತು, ಭುಜ ಏರಿಸದೆ, ಪಕ್ಕೆಲುಬು ಅಗಲವಾಗುವಂತೆ ಉಸಿರು ತೆಗೆದುಕೊಳ್ಳಿ. ಹಲ್ಲಿನ ಸಂದಿಯಿಂದ ಸ್ಸ್ಸ್ ಅಂತ ಒಂದೇ ಸಮನೆ ಬಿಡಿ. ಹದಿನಾರು ಎಣಿಸುವಷ್ಟು ಬಂದರೆ ಸದ್ಯಕ್ಕೆ ಸಾಕು. ಕುಕ್ಕರಿನ ವಿಷಲ್ ಥರ ಒಮ್ಮೆಲೇ ಬಿಡಬಾರದು, ಸ್ಟೌ ಸಿಮ್‌ನಲ್ಲಿಟ್ಟ ಹಾಗೆ ಬಿಡಬೇಕು.

ಆಮೇಲೆ ತುಟಿ ಸೇರಿಸಿ ಬುರ್ರ್ ಅನ್ನಿಸಿ, ಮಕ್ಕಳು ಬಸ್ಸಿನ ಆಟ ಆಡುತ್ತಾರಲ್ಲ ಹಾಗೆ. ಅದರಲ್ಲೇ ದನಿಯನ್ನು ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಜಾರಿಸಿ. ತುಟಿ ನಿಂತುಹೋದರೆ ಉಸಿರು ಕಡಿಮೆಯಾಗಿದೆ ಎಂದೇ ಅರ್ಥ. ಇದು ಬರದವರು ಒಂದು ಲೋಟ ನೀರಿನಲ್ಲಿ ಸ್ಟ್ರಾ ಎರಡು ಬೆರಳಷ್ಟು ಮುಳುಗಿಸಿ, ಗುಳ್ಳೆ ಎಬ್ಬಿಸುತ್ತಾ ಊ ಅಂತ ದನಿ ಹೊರಡಿಸಿ. ಗಂಟಲಿಗೆ ಹಿತವಾಗಿರುತ್ತದೆ. ಪಕ್ಕದ ಮನೆಗೂ ಕೇಳುವುದಿಲ್ಲ.

ನೆಗಡಿಯಾಗಿ ಗಂಟಲು ಕಟ್ಟಿದ್ದರೆ ಆ ದಿನ ಹಾಡಬೇಡಿ. ಪಿಸುಗುಟ್ಟುವುದೂ ಬೇಡ, ಅದರಿಂದಲೂ ಗಂಟಲು ದಣಿಯುತ್ತದೆ. ಕಾಪಿ ಹಿಡಿದು ಸುಮ್ನೆ ಮನಸ್ಸಿನಲ್ಲಿ ಹಾಡಿಕೊಳ್ಳಿ. ಮೂರು ಸಾಲು ಒಳಗೊಳಗೇ ಹಾಡಿ, ನಾಲ್ಕನೇ ಸಾಲಿನ ಮೊದಲ ಸ್ವರವನ್ನು ಕೀಬೋರ್ಡಿನಲ್ಲಿ ಒತ್ತಿ ನೋಡಿ. ಮನಸ್ಸಿನಲ್ಲಿದ್ದ ಸ್ವರ ಅದೇನಾ ಅಂತ ತಿಳಿಯುತ್ತದೆ. ಗಂಟಲು ಸರಿಯಿರುವ ದಿನಗಳಲ್ಲೂ ನಾನು ಮೆಟ್ರೊದಲ್ಲಿ ಇದನ್ನೇ ಮಾಡುತ್ತೇನೆ.

ಸೋಮವಾರ: ಧಾಟಿ ಬಿಡಿ, ಪದ ಓದಿ

ಮೊದಲು ಪದಗಳನ್ನು ಪಾಠ ಓದುವ ಹಾಗೆ ಜೋರಾಗಿ ಓದಿ. ಆಮೇಲೆ ತೊಡೆಯ ಮೇಲೆ ತಾಳ ಹಾಕುತ್ತಾ, ನೋಟಿನ ಉದ್ದಕ್ಕೆ ಸರಿಯಾಗಿ, ಒಂದೇ ದನಿಯಲ್ಲಿ ಓದಿ. ಎರಡು ಎಣಿಕೆಯ ನೋಟಿದ್ದರೆ ಎರಡು ಎಣಿಕೆ ಎಳೆಯಿರಿ. ಸುಮ್ಮನಿರುವ ಎಣಿಕೆಯಲ್ಲಿ ತಾಳ ಮಾತ್ರ ನಡೆಯಲಿ. ಸ್ವರ ತಪ್ಪಿತು ಅಂತ ನಾವು ಗೋಳಾಡುವ ಎಷ್ಟೋ ಕಡೆ ನಿಜವಾಗಿ ತಪ್ಪಿರುವುದು ತಾಳ.

ಕನ್ನಡ ಹಾಡುಗಳಲ್ಲಿ ಇನ್ನೊಂದು ತೊಡಕಿದೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಧಾಟಿಗಳಿಗೆ ಕನ್ನಡ ಪದ ಹೊಂದಿಸಿದರು. ಆ ಧಾಟಿಗಳನ್ನು ನಾವು ಇಂದಿಗೂ ಹಾಡುತ್ತೇವೆ. ಧಾಟಿ ಹುಟ್ಟಿದ್ದು ಇನ್ನೊಂದು ಭಾಷೆಯ ಉಸಿರಿನಲ್ಲಿ. ಹಾಗಾಗಿ ಧಾಟಿಯ ಉದ್ದದ ಸ್ವರ ಕೆಲವೊಮ್ಮೆ ನಮ್ಮ ಗಿಡ್ಡ ಅಕ್ಷರದ ಮೇಲೆ ಬಂದು ಕೂರುತ್ತದೆ. ‘ರಕ್ಷಕನು’ ಎಂಬ ಪದದ ಕೊನೆಯ ‘ನು’ ಮೇಲೆ ಮೂರು ಎಣಿಕೆ ಬಿದ್ದರೆ ಎಲ್ಲರೂ ‘ರಕ್ಷಕನೂ’ ಅಂತ ಕೂಗುತ್ತಾರೆ. ರಕ್ಷಕನೂ ಬಂದ, ಅವನ ಜೊತೆ ಇನ್ಯಾರೋ ಬಂದರು ಅನ್ನುವ ಅರ್ಥ ಬರುತ್ತದೆ. ಎಣಿಕೆ ಪೂರ್ತಿ ಕೊಡಿ, ಆದರೆ ಆ ಅಕ್ಷರವನ್ನು ಒತ್ತಬೇಡಿ. ತೂಕ ‘ರ’ ಮೇಲೆ ಇರಲಿ, ‘ನು’ ಸಣ್ಣಗೆ ಇಳಿಯುತ್ತಾ ಹೋಗಲಿ.

ಒತ್ತಕ್ಷರವೂ ಹಾಗೆಯೇ. ಮಾತಿನಲ್ಲಿ ‘ರಕ್ಷಕ’ ಅನ್ನುವಾಗ ‘ರ’ ಹೇಳಿ ತಕ್ಷಣ ನಾಲಿಗೆ ಮುಚ್ಚುತ್ತೇವೆ. ಹಾಡಿನಲ್ಲಿ ‘ರ’ಗೆ ಎರಡು ಎಣಿಕೆ ಇದ್ದರೆ ಎರಡೂ ಎಣಿಕೆ ‘ರ’ ತೆರೆದೇ ಇರಬೇಕು. ‘ಕ್ಷ’ ಮುಂದಿನ ಸ್ವರದ ಬಾಗಿಲಲ್ಲಿ ಬರಲಿ. ‘ಆನಂದ’ದಲ್ಲೂ ಇದೇ ಕಥೆ. ಸೊನ್ನೆಗೆ ಬೇಗ ಹೋದರೆ ಇಡೀ ಕ್ವಾಯರ್ ಮೂಗಿನಲ್ಲಿ ಗುಂಯ್‌ಗುಡುತ್ತದೆ. ‘ನ’ ಮೇಲೆ ಬಾಯಿ ತೆರೆದು ನಿಲ್ಲಿ, ಸೊನ್ನೆಯನ್ನು ಕೊನೆಯ ಗಳಿಗೆಗೆ ಇಟ್ಟುಕೊಳ್ಳಿ. ಇನ್ನು ಅಕಾರ ಹಕಾರ, ಲ ಮತ್ತು ಳ. ಒಬ್ಬರೇ ಹಾಡುವಾಗ ನಡೆದುಹೋಗುತ್ತದೆ. ಮೂವತ್ತು ಜನರಲ್ಲಿ ಹದಿನೈದು ಮಂದಿ ‘ಹರಸ’, ಹದಿನೈದು ಮಂದಿ ‘ಅರಸ’ ಅಂದರೆ ಕೂತವರಿಗೆ ಎರಡೂ ಕೇಳುವುದಿಲ್ಲ.

ಮಂಗಳವಾರ, ಬುಧವಾರ: ಪದ ಬಿಡಿ, ಧಾಟಿ ಹಿಡಿಯಿರಿ

ವಾರದ ಮುಖ್ಯ ಕೆಲಸ ಇದು. ಎರಡು ದಿನ ಕೊಡಿ, ದಿನಕ್ಕೆ ಇಪ್ಪತ್ತು ನಿಮಿಷದಂತೆ. ಶುಕ್ರವಾರ ರಾತ್ರಿ ಎರಡು ಗಂಟೆ ಕೂತು ಎಲ್ಲ ಮುಗಿಸುತ್ತೇನೆ ಅನ್ನುವುದು ಪರೀಕ್ಷೆಯ ಹಿಂದಿನ ದಿನ ಓದಿದ ಹಾಗೆ. ಬೆಳಗಾಗುವಾಗ ಅರ್ಧ ಹೋಗಿರುತ್ತದೆ.

ಮೊದಲು ನಿಮ್ಮ ‘ಸ’ ಎಲ್ಲಿದೆ ನೋಡಿಕೊಳ್ಳಿ. ಸ್ಟಾಫ್ ನೋಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆದ ಸ್ವರ ಓದಲು ಬರದ ಕನ್ನಡದವರು ಸುಮ್ನೆ ಹೆದರುತ್ತಾರೆ. ಸರಿಗಮ ಗೊತ್ತಿದ್ದರೆ ಅರ್ಧ ದಾರಿ ಬಂದಿದ್ದೀರಿ. ಮೇಜರ್ ಸ್ಕೇಲ್ ಅಂದರೆ ನಮ್ಮ ಶಂಕರಾಭರಣ ರಾಗದ ಸ್ವರಗಳೇ. ಮೈನರ್‌ನಲ್ಲಿರುವ ಹಾಡಾದರೆ ನಠಭೈರವಿ ಅಥವಾ ಕೀರವಾಣಿಯ ಹತ್ತಿರ ಬರುತ್ತದೆ. ಕಾಪಿಯ ಎಡತುದಿಯಲ್ಲಿ ಎರಡು ಶಾರ್ಪ್ (♯) ಗುರುತಿದ್ದು ಹಾಡು ಮೇಜರ್ ಆಗಿದ್ದರೆ ‘ಸ’ ಇರುವುದು ಡಿ ಕೀಲಿಯಲ್ಲಿ, ಜೋಡಿ ಕಪ್ಪು ಕೀಲಿಗಳ ನಡುವಿನ ಬಿಳಿ ಕೀಲಿ. ನಿಮ್ಮ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಸ ರಿ ಗ ಬರೆದುಕೊಳ್ಳಿ. ನಾಚಿಕೆಪಡಬೇಕಾಗಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಟಾನಿಕ್ ಸೋಲ್ಫಾ ಪದ್ಧತಿಯನ್ನು ಹರಡಿದ್ದೇ ಈ ಕಾರಣಕ್ಕೆ, ಸ್ಟಾಫ್ ಓದಲು ಬಾರದ ಸಾಮಾನ್ಯ ಜನ ಗುಂಪಿನಲ್ಲಿ ಹಾಡಲಿ ಅಂತ. ನಮ್ಮ ಸಾಲಿನ ಹಿರಿಯ ಆಂಟಿ ಈಗಲೂ ಅದನ್ನೇ ಓದುತ್ತಾರೆ. ಡೊ ರೆ ಮಿಗಳ ಮೊದಲ ಅಕ್ಷರ, ಎಣಿಕೆ ಬೇರ್ಪಡಿಸಲು ಎರಡು ಚುಕ್ಕಿ, ಎಳೆಯಲು ಅಡ್ಡಗೆರೆ. ಅವರ ಹಳದಿ ಬಿದ್ದ ಹಾಳೆ ನೋಡಿದರೆ ಟೆಲಿಗ್ರಾಂ ಥರ ಕಾಣುತ್ತದೆ. ಆದರೆ ಅವರು ತಪ್ಪುವುದು ಮಾತ್ರ ನಾನು ನೋಡಿಲ್ಲ.

ಈಗ ನಾಲ್ಕು ಬಾರ್ ತೆಗೆದುಕೊಳ್ಳಿ. ಒಂದು ಬೆರಳಿನಲ್ಲಿ ನುಡಿಸಿ, ಕೇಳಿ, ಮನಸ್ಸಿನಲ್ಲಿ ಒಮ್ಮೆ ಹಾಡಿ, ಆಮೇಲೆ ಬಾಯಿ ಬಿಟ್ಟು ‘ನೂ’ ಅಂತ ಹಾಡಿ. ಸ್ವರ ಮತ್ತು ದನಿ ಒಟ್ಟಿಗೇ ಹೊರಟರೆ ನೀವು ಕೀಬೋರ್ಡನ್ನು ಹಿಂಬಾಲಿಸುತ್ತೀರಿ, ಕಲಿಯುವುದಿಲ್ಲ. ಕೇಳಿದ ಮೇಲೆ ಒಂದು ಗಳಿಗೆ ಬಿಟ್ಟು ಹಾಡಿದರೆ ಸ್ವರವನ್ನು ನೀವೇ ಹುಡುಕಿದ ಹಾಗಾಗುತ್ತದೆ.

ಹಾಡಿನ ಕೊನೆಯಿಂದ ಶುರು ಮಾಡಿ ಅಂದರೆ ನಗಬೇಡಿ. ಕೊನೆಯ ನಾಲ್ಕು ಬಾರ್ ಮೊದಲು ಕಲಿಯಿರಿ. ಆಮೇಲೆ ಅದರ ಹಿಂದಿನ ನಾಲ್ಕು ಕಲಿತು ಕೊನೆಯವರೆಗೆ ಹಾಡಿ. ಹೀಗೆ ಹಿಂದೆ ಹಿಂದೆ ಬನ್ನಿ. ಕ್ವಾಯರಿನಲ್ಲಿ ಪ್ರತಿ ಸಲವೂ ಹಾಡು ಮೊದಲಿಂದ ಶುರುವಾಗುತ್ತದೆ, ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಎಂಟು ಗಂಟೆಯಾಗುತ್ತದೆ. ಅದಕ್ಕೇ ನಮಗೆ ಮೊದಲ ಪುಟ ನಿದ್ದೆಯಲ್ಲೂ ಬರುತ್ತದೆ, ಕೊನೆಯ ಪುಟ ಬರುವುದಿಲ್ಲ. ಹಿಂದಿನಿಂದ ಕಲಿತರೆ ಹಾಡುತ್ತಾ ಹೋದ ಹಾಗೆ ಗೊತ್ತಿರುವ ಊರಿಗೆ ಬಂದ ಹಾಗೆ ಅನ್ನಿಸುತ್ತದೆ.

ಗುಂಡಿಗಳಿಗೆ ಬೇರೆಯೇ ಚಿಕಿತ್ಸೆ. ಒಂದು ದೊಡ್ಡ ನೆಗೆತ ತಪ್ಪುತ್ತಿದೆ ಅನ್ನಿ, ಕೆಳಗಿನ ‘ಪ’ದಿಂದ ಮೇಲಿನ ‘ಗ’ಕ್ಕೆ. ಆ ಎರಡು ಸ್ವರ ಮಾತ್ರ ತೆಗೆದುಕೊಳ್ಳಿ. ನಡುವಿನ ಮೆಟ್ಟಿಲುಗಳನ್ನು ಹತ್ತಿ, ಪ ದ ನಿ ಸ ರಿ ಗ ಅಂತ ಹಾಡಿ. ಆಮೇಲೆ ನಡುವಿನದನ್ನು ಮನಸ್ಸಿನಲ್ಲಿ ಹಾಡಿ ತುದಿಯ ಎರಡನ್ನು ಬಾಯಲ್ಲಿ ಹಾಡಿ. ಕೊನೆಗೆ ನೇರ ನೆಗೆಯಿರಿ. ತಪ್ಪಿಲ್ಲದೆ ಐದು ಸಲ ಬಂದ ಮೇಲೆ ಹಿಂದೊಂದು ಬಾರ್, ಮುಂದೊಂದು ಬಾರ್ ಸೇರಿಸಿ. ಇಷ್ಟಕ್ಕೆ ಮೂರು ನಿಮಿಷ ಸಾಕು. ಇಡೀ ಹಾಡನ್ನು ಹತ್ತು ಸಲ ಹಾಡಿದರೆ ನಲವತ್ತು ನಿಮಿಷ ಹೋಗುತ್ತದೆ, ಗುಂಡಿ ಅಲ್ಲೇ ಇರುತ್ತದೆ.

ಇನ್ನು ಹಾಡು ನಿಲ್ಲುವ ಜಾಗ. ಇದನ್ನು ನನ್ನ ಮಾನ ಹೋದ ಕಥೆಯಿಂದಲೇ ಹೇಳುತ್ತೇನೆ. ಹ್ಯಾಂಡೆಲ್ ಎಂಬ ಸಂಗೀತಗಾರರ ಮೆಸ್ಸಾಯ ಎಂಬ ದೊಡ್ಡ ಗಾಯನಕೃತಿ 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿದ್ದು. ಅದರ ಹಲ್ಲೆಲೂಯ ಕೋರಸ್ ನಿಮಗೆ ಗೊತ್ತಿರುತ್ತದೆ. ಕೊನೆಯಲ್ಲಿ ಹಲ್ಲೆಲೂಯ ಒಂದರ ಹಿಂದೆ ಒಂದು ಓಡಿ ಬರುತ್ತದೆ. ಇದ್ದಕ್ಕಿದ್ದ ಹಾಗೆ ಎಲ್ಲವೂ ಸುಮ್ಮನಾಗುತ್ತದೆ, ಆರ್ಗನ್ ಕೂಡ. ಆಮೇಲೆ ನಿಧಾನಕ್ಕೆ, ಅಗಲವಾಗಿ, ಕೊನೆಯ ಹಲ್ಲೆಲೂಯ. ಆ ಮೌನದಲ್ಲಿ ಚರ್ಚ್ ತುಂಬಾ ಜನರೆದುರು ನಾನೊಬ್ಬಳೇ ‘ಹಾ’ ಅಂದಿದ್ದೆ. ಎಂಟು ವರ್ಷವಾಯಿತು, ಬೇಸ್‌ನವರು ಇನ್ನೂ ನೆನಪಿಸುತ್ತಾರೆ. ಸ್ವರ ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಓಟದ ರುಚಿ ಹತ್ತಿದ ಬಾಯಿ ತಾನಾಗಿ ಇನ್ನೊಂದನ್ನು ಎಸೆದಿತ್ತು. ಮನೆಯಲ್ಲಿ ನಾನು ಆ ಮೌನವನ್ನು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ಅಲ್ಲಿಗೆ ಬಂದಾಗಲೆಲ್ಲ ರೆಕಾರ್ಡಿಂಗ್ ತಾನೇ ನಿಲ್ಲಿಸುತ್ತಿತ್ತಲ್ಲ.

ಈಗ ಅಂಥ ಜಾಗ ಬಂದರೆ ಅಂಗೈಯನ್ನು ಮೇಜಿನ ಮೇಲೆ ಇಡುತ್ತೇನೆ, ಎಣಿಕೆಯನ್ನು ಬೆರಳಲ್ಲಿ ತಟ್ಟುತ್ತೇನೆ, ಬಾಯಿ ತೆರೆದು ಉಸಿರು ತೆಗೆದುಕೊಳ್ಳುವುದನ್ನೂ ಒಂದು ಸ್ವರದ ಹಾಗೆ ಅಭ್ಯಾಸ ಮಾಡುತ್ತೇನೆ. ಕಾಪಿಯಲ್ಲಿ ಕನ್ನಡಕದ ಗುರುತು ಬರೆದಿದ್ದೇನೆ. ಮಾಸ್ಟರ್ ಕೈ ನೋಡು ಅಂತ ಅರ್ಥ.

ಧಾಟಿ ಬಂದ ಮೇಲೆ ಪದ ಕೂಡಿಸಿ. ಟಿಕ್ ಟಿಕ್ ಅಂತ ತಾಳ ಎಣಿಸುವ ಮೆಟ್ರೊನೋಮ್ ಆ್ಯಪ್ ಇದ್ದರೆ ನಿಮಿಷಕ್ಕೆ 60 ಎಣಿಕೆಗೆ ಇಟ್ಟು, ತಪ್ಪಿಲ್ಲದೆ ಬಂದರೆ ನಾಲ್ಕು ನಾಲ್ಕೇ ಏರಿಸಿ. ತಪ್ಪಿದರೆ ಎಂಟು ಇಳಿಸಿ.

ಗುರುವಾರ: ಬೇರೆ ದನಿಯ ಎದುರು ನಿಲ್ಲುವುದು

ಒಂಟಿಯಾಗಿ ಚೆನ್ನಾಗಿ ಬಂದ ಆಲ್ಟೊ ಸೊಪ್ರಾನೊ ಕೇಳಿದ ತಕ್ಷಣ ಕುಸಿದು ಬೀಳುವುದು ಎಲ್ಲರಿಗೂ ಆಗುವಂಥದ್ದೇ. ಕಿವಿ ಗೊತ್ತಿರುವ ಧಾಟಿಯ ಕಡೆಗೆ ಎಳೆಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮ್ಯೂಸ್‌ಸ್ಕೋರಿನಲ್ಲಿ ನಿಮ್ಮ ಪಾರ್ಟ್ ಜೋರು, ಉಳಿದದ್ದು ಸಣ್ಣಗೆ ಇಟ್ಟು ಹಾಡಿ. ಆಮೇಲೆ ಎಲ್ಲವನ್ನೂ ಸಮ ಮಾಡಿ. ಆಮೇಲೆ ನಿಮ್ಮದನ್ನು ಸಣ್ಣಗೆ ಮಾಡಿ. ಕೊನೆಗೆ ನಿಮ್ಮದನ್ನು ತೆಗೆದೇಬಿಡಿ. ಆಗ ಆ ಖಾಲಿ ಜಾಗ ತುಂಬಬೇಕಾದವರು ನೀವೊಬ್ಬರೇ.

ಈ ಹಂತದಲ್ಲಿ ಕಿವಿ ಮುಚ್ಚಿಕೊಂಡು ನಿಮ್ಮದನ್ನೇ ಗಟ್ಟಿಯಾಗಿ ಹಾಡಬೇಡಿ. ಅದು ಮೊಂಡುತನ, ಹಾರ್ಮನಿಯಲ್ಲ. ಬೇರೆಯವರ ಸಾಲನ್ನು ದಾರಿಯ ಗುರುತಾಗಿ ಇಟ್ಟುಕೊಳ್ಳಿ. ಅದೇ ಹಲ್ಲೆಲೂಯದ ನಡುವೆ ದನಿಗಳು ಒಂದರ ಹಿಂದೆ ಒಂದು ಒಳಬರುವ ಭಾಗವಿದೆ. ಮೊದಲು ಬೇಸ್, ಆಮೇಲೆ ಟೆನರ್, ಆಮೇಲೆ ನಾವು, ಕೊನೆಗೆ ಸೊಪ್ರಾನೊ. ಬರೀ ಎಣಿಸುತ್ತಾ ನಿಂತರೆ ಎಣಿಕೆ ಎಲ್ಲೋ ತಪ್ಪುತ್ತದೆ. ನಾನು ಟೆನರ್ ಸಾಲನ್ನೂ ಕಲಿತಿದ್ದೇನೆ, ಅವರು ಹೊರಟು ಯಾವ ಪದಕ್ಕೆ ಬಂದಾಗ ನಾನು ಹೊರಡಬೇಕು ಅಂತ ಗೊತ್ತಾಗಲಿ ಅಂತ. ಹೀಗೆ ನಿಮ್ಮ ಪ್ರತಿ ಪ್ರವೇಶಕ್ಕೂ ಮೊದಲ ಸ್ವರ ಯಾರಿಂದ ಸಿಗುತ್ತದೆ ಹುಡುಕಿ. ಅವರ ಕೊನೆಯ ಸ್ವರವೇ ನಿಮ್ಮದಾಗಿರಬಹುದು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬಹುದು. ಪೆನ್ಸಿಲಿನಲ್ಲಿ ಬಾಣ ಎಳೆಯಿರಿ.

ಹಾಡಿನ ಮೊದಲ ಸ್ವರಕ್ಕೂ ಇದೇ ಕ್ರಮ. ಆರ್ಗನ್‌ನವರು ಕಾರ್ಡ್ ಕೊಡುತ್ತಾರೆ, ಹೆಚ್ಚಾಗಿ ಸ, ಗ, ಪ ಮೂರೂ ಒಟ್ಟಿಗೆ. ಅದರಲ್ಲಿ ನಿಮ್ಮದು ಯಾವುದು? ಮನೆಯಲ್ಲಿ ಮೂರು ಕೀಲಿ ಒಟ್ಟಿಗೆ ಒತ್ತಿ, ಕೈ ತೆಗೆದು, ನಿಮ್ಮ ಸ್ವರ ಹಾಡಿ, ಆಮೇಲೆ ಒತ್ತಿ ನೋಡಿ. ದಿನಕ್ಕೆ ಹತ್ತು ಸಲ. ಹಲ್ಲುಜ್ಜಿದ ಹಾಗೆ ರೂಢಿಯಾಗಲಿ.

ಶ್ರುತಿಪೆಟ್ಟಿಗೆ ಅಥವಾ ತಂಬೂರಿ ಆ್ಯಪ್ ಇರುವವರು ಅದನ್ನು ‘ಸ’ಕ್ಕೆ ಹೊಂದಿಸಿ ಅದರ ಮೇಲೆ ನಿಧಾನವಾಗಿ ಹಾಡಬಹುದು. ಹಾಡು ನಡುವೆ ಬೇರೆ ಸ್ಕೇಲಿಗೆ ಹೋದರೆ ನಿಲ್ಲಿಸಿಬಿಡಿ, ಕಿವಿ ಕೆಡುತ್ತದೆ. ಇನ್ನೊಂದು ಸಣ್ಣ ಸೂಕ್ಷ್ಮ: ತಂಬೂರಿಯ ಜೊತೆ ಸಿಹಿಯಾಗಿ ಕೂಡುವ ‘ಗ’, ಪಿಯಾನೊದ ‘ಗ’ಕ್ಕಿಂತ ಒಂದು ಎಳೆ ಕೆಳಗೆ. ಅಕ್ಕಪಕ್ಕದ ಎರಡು ಕೀಲಿಗಳ ಅಂತರವನ್ನು 100 ಸೆಂಟ್ ಅಂತ ಲೆಕ್ಕ ಹಿಡಿದರೆ ವ್ಯತ್ಯಾಸ ಸುಮಾರು 14. ಆರ್ಗನ್ ಇಲ್ಲದೆ ಹಾಡುವಾಗ ಈ ಕೆಳಗಿನ ‘ಗ’ ಕಾರ್ಡನ್ನು ಬೆಣ್ಣೆ ಮಾಡುತ್ತದೆ. ಆರ್ಗನ್ ಜೊತೆಗಿದ್ದರೆ ಅದು ಹೇಳಿದ ಹಾಗೆ ಕೇಳಿ, ಬೇರೆ ದಾರಿಯಿಲ್ಲ.

ಮನೆಯಲ್ಲಿ ಇನ್ನೊಬ್ಬರು ಹಾಡುವವರಿದ್ದರೆ ನಿಮ್ಮ ಪುಣ್ಯ. ನನ್ನ ಮಗಳಿಗೆ ಹನ್ನೆರಡು ವರ್ಷ. ಅವಳು ಸೊಪ್ರಾನೊ ಹಾಡುತ್ತಾ ಬೇಕಂತಲೇ ನನ್ನ ಕಿವಿಯ ಹತ್ತಿರ ಬರುತ್ತಾಳೆ. ಅಮ್ಮ ಜಾರಿದರೆ ಅವಳಿಗೆ ಹತ್ತು ರೂಪಾಯಿ. ಈ ಸೀಸನ್‌ನಲ್ಲಿ ಈವರೆಗೆ ಅರವತ್ತು ರೂಪಾಯಿ ಹೋಗಿದೆ.

ಶುಕ್ರವಾರ: ಕೇಳಿಸಿಕೊಳ್ಳುವುದು

ಫೋನ್ ಇಟ್ಟು ಮೊದಲಿಂದ ಕೊನೆಯವರೆಗೆ ಒಮ್ಮೆ ಹಾಡಿ, ನಿಲ್ಲಿಸದೆ. ತಪ್ಪಿದರೂ ಮುಂದೆ ಹೋಗಿ. ಶನಿವಾರ ತಪ್ಪಿದರೆ ಯಾರೂ ನಿಮಗಾಗಿ ನಿಲ್ಲುವುದಿಲ್ಲ, ಅಲ್ವಾ? ಎದ್ದು ಮುಂದಿನ ಸಾಲಿಗೆ ಸೇರಿಕೊಳ್ಳುವುದೂ ಕಲಿಯಬೇಕಾದ ವಿದ್ಯೆ.

ರೆಕಾರ್ಡ್ ಶುರುವಿನಲ್ಲಿ ಮೊದಲ ಸ್ವರ ಒತ್ತಿ, ಹಾಡು ಮುಗಿದ ಮೇಲೆ ಕೊನೆಯ ಸ್ವರ ಒತ್ತಿ. ನಡುವೆ ಕೀಬೋರ್ಡ್ ಮುಟ್ಟಬೇಡಿ. ನೀವು ನಿಂತ ಜಾಗವೂ ಕೀಬೋರ್ಡೂ ಒಂದೇ ಆದರೆ ಸಂತೋಷ. ಹೆಚ್ಚಿನವರು ಕಾಲು ಸ್ವರ, ಅರ್ಧ ಸ್ವರ ಕೆಳಗೆ ಇಳಿದಿರುತ್ತಾರೆ. ಎಲ್ಲಿ ಇಳಿದಿರಿ ಅಂತ ಚರಣ ಚರಣಕ್ಕೆ ಪರೀಕ್ಷಿಸಿ. ನನ್ನ ವಿಷಯದಲ್ಲಿ ಇಳಿಯುವುದು ಎರಡೇ ಕಡೆ: ಒಂದೇ ಸ್ವರ ಆರೇಳು ಸಲ ಬರುವಾಗ, ಮತ್ತು ಸಾಲಿನ ತುದಿಯಲ್ಲಿ ಉಸಿರು ಮುಗಿಯುವಾಗ. ಆಲ್ಟೊದಲ್ಲಿ ಒಂದೇ ಸ್ವರಕ್ಕೆ ಬರಗಾಲವಿಲ್ಲ. ಪ್ರತಿ ಸಲವೂ ಅದು ಒಂದು ಕೂದಲೆಳೆ ಮೇಲಿದೆ ಅಂತ ನೆನೆದು ಹಾಡಿದರೆ ಅಲ್ಲೇ ನಿಲ್ಲುತ್ತದೆ.

ನಿಮ್ಮ ದನಿ ಕೇಳಲು ಮೊದಮೊದಲು ಮುಜುಗರ ಆಗುತ್ತದೆ. ದನಿ ಚೆನ್ನಾಗಿದೆಯೋ ಇಲ್ಲವೋ ಅಂತ ಕೇಳಲು ಹೋಗಬೇಡಿ. ಪೆನ್ಸಿಲ್ ಹಿಡಿದು ಸ್ವರ, ತಾಳ, ಪದ ಇಷ್ಟನ್ನೇ ಗುರುತು ಹಾಕಿ. ಕೊನೆಯಲ್ಲಿ ಕಾಪಿ ಮುಚ್ಚಿ, ಗೋಡೆಯ ಕ್ಯಾಲೆಂಡರ್ ಕಡೆ ನೋಡುತ್ತಾ ಮೊದಲ ಮತ್ತು ಕೊನೆಯ ಸಾಲು ಹಾಡಿ. ಆ ಎರಡು ಕಡೆ ಮಾಸ್ಟರ್ ನಿಮ್ಮ ಕಣ್ಣು ಹುಡುಕುತ್ತಾರೆ.

ಒಂದು ಶನಿವಾರ ತಪ್ಪಿದರೆ

ಮದುವೆ, ಜ್ವರ, ಆಫೀಸು, ಏನಾದರೂ ಇದ್ದೇ ಇರುತ್ತದೆ. ಅದೇ ರಾತ್ರಿ ನಿಮ್ಮ ಪಾರ್ಟ್‌ನವರೊಬ್ಬರಿಗೆ ಫೋನ್ ಮಾಡಿ, ಅವರ ಕಾಪಿಯ ಫೋಟೊ ಕೇಳಿ. ರೆಕಾರ್ಡಿಂಗ್‌ಗಿಂತ ಅವರ ಪೆನ್ಸಿಲ್ ಗುರುತು ಮುಖ್ಯ. ಗುರುತುಗಳನ್ನು ನಿಮ್ಮ ಕಾಪಿಗೆ ಇಳಿಸಿಕೊಳ್ಳಿ. ಅರ್ಥವಾಗದ ಗುರುತಿದ್ದರೆ ಕೇಳಿ. ನನ್ನ ಕನ್ನಡಕದ ಚಿತ್ರವನ್ನು ಒಬ್ಬರು ಸೈಕಲ್ ಅಂದುಕೊಂಡು, ಇಲ್ಲಿ ವೇಗ ಜಾಸ್ತಿ ಮಾಡಬೇಕು ಅಂತ ಹಾಡಿದ್ದೂ ಆಗಿದೆ.

ಮತ್ತೆ ಶನಿವಾರ

ಬೆಳಿಗ್ಗೆ ಪೂರ್ತಿ ದನಿಯಲ್ಲಿ ಹಾಡಬೇಡಿ. ಗುಂಡಿಗಳನ್ನು ಮಾತ್ರ ಒಂದೊಂದು ಸಲ ಮೆಲ್ಲಗೆ ದಾಟಿ ನೋಡಿ. ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಹೊರಡುವ ಹತ್ತು ನಿಮಿಷ ಮುಂಚೆ ಒಂದೇ ಸಲ ಬಾಟಲಿ ಖಾಲಿ ಮಾಡಿದರೆ ಗಂಟಲಿಗೆ ಏನೂ ಆಗುವುದಿಲ್ಲ, ಎರಡನೇ ಹಾಡಿನ ನಡುವೆ ಬೇರೆ ತೊಂದರೆ ಆಗುತ್ತದೆ. ಐದಕ್ಕೆ ಬಜ್ಜಿ ಬೋಂಡ ಬೇಡ, ಹಾಡುವಾಗ ತೇಗು ಬರುತ್ತದೆ.

ಬ್ಯಾಗಿನಲ್ಲಿ ಫೈಲ್, ನೀರು, ಕನ್ನಡಕ ಇರಲಿ. ಪೆನ್ಸಿಲ್ ಎರಡು ಇಟ್ಟುಕೊಳ್ಳಿ. ಒಂದನ್ನು ಪಕ್ಕದವರು ಕೇಳಿಯೇ ಕೇಳುತ್ತಾರೆ.